ಅತ್ತೆಯ ತೆಂಗಿನ ಸಸಿ

ಇವತ್ತು ಹಾಸನದ ಭೂವನಹಳ್ಳಿ ಕಡೆ, ವಿಮಾನ ನಿಲ್ದಾಣದ ಜಾಗದ ಹತ್ತಿರ ಇರೋ ಅತ್ತೆ ಮನೆಗೆ ಹೋಗಿದ್ದೆ.

ಬದುವಿನ ಮೇಲೆ ನಾಲ್ಕು ತೆಂಗಿನ ಸಸಿ. ಗುಂಡಿ ತೆಗೆದು, ಕೊಟ್ಟಿಗೆ ಗೊಬ್ಬರ, ಒಲೆ ಬೂದಿ ಎಲ್ಲ ಹಾಕಿಟ್ಟಿದ್ರು. ಒಂದು ಸಸಿ ಕೈಲಿ ಹಿಡ್ಕೊಂಡೇ ಕೇಳಿದ್ರು,

"ಇದು ಎತ್ತರ ಬೆಳೆದ್ರೆ ಕಡೀಬೇಕಾಗುತ್ತಂತೆ, ಹೌದೇನೋ?"

ಏನು ಹೇಳಲಿ. ರನ್‌ವೇ ಆಸುಪಾಸಲ್ಲಿ ಮನೆಗಷ್ಟೇ ಅಲ್ಲ, ಮರಕ್ಕೂ ಎತ್ತರದ ಮಿತಿ ಇರುತ್ತೆ. ಹಕ್ಕಿ ಸೇರ್ತವೆ ಅಂತ 10 ಕಿ.ಮೀ. ಒಳಗೆ ಬಯಲಲ್ಲಿ ಕಸ ಸುರಿಯೋ ಹಾಗೂ ಇಲ್ಲ.

ಈ ನಿಲ್ದಾಣಕ್ಕೆ 2007ರಲ್ಲಿ ಶಂಕುಸ್ಥಾಪನೆ ಆಯ್ತು. ಆಮೇಲೆ ವರ್ಷಗಟ್ಟಲೆ ಸದ್ದಿಲ್ಲ. 2021ರಲ್ಲಿ ಮತ್ತೆ ಕೆಲಸ ಶುರು. ಅಷ್ಟೂ ವರ್ಷ ಸುತ್ತಲಿನ ಮನೆಗಳಲ್ಲಿ ಒಂದೇ ಮಾತು: ಬೋರ್ ಕೊರೆಸೋದಾ ಬೇಡ್ವಾ, ಇನ್ನೊಂದು ರೂಮು ಕಟ್ಟೋದಾ ಬೇಡ್ವಾ. ಜಮೀನು ಹೋದವರಿಗೆ ಪರಿಹಾರದ ಲೆಕ್ಕವಾದ್ರೂ ಇದೆ. ಹೀಗೆ ಕಾದು ಕೂತವರನ್ನ ಯಾರು ಕೇಳ್ತಾರೆ? ನಮ್ಮೂರಿಗೆ ವಿಮಾನ ಬರಲಿ ಅಂತ ಆಸೆಪಟ್ಟವನೇ ನಾನು, ಈಗಲೂ ಆಸೆ ಇದೆ. ಆದ್ರೆ ಈ ಪ್ರಶ್ನೆ ಬಿಡ್ತಿಲ್ಲ.

ತೆಂಗು ಫಲಕ್ಕೆ ಬರೋಕೆ ಆರೇಳು ವರ್ಷ ಬೇಕು.

ಅತ್ತೆ ಎರಡು ಸಸಿ ನೆಟ್ರು. ಇನ್ನೆರಡನ್ನ ಕೊಟ್ಟಿಗೆ ಗೋಡೆಗೆ ಒರಗಿಸಿ, ನೀರು ಚಿಮುಕಿಸಿ, ಒಳಗೆ ಹೋದ್ರು.