ವಿಜಿಗೆ ಶೂಟಿಂಗಲ್ಲಿ ಬೆಳ್ಳಿ

2012ರ ಆಗಸ್ಟ್ 3, ಶುಕ್ರವಾರ. ಆಗ ಡಿಗ್ರಿ ಓದ್ತಿದ್ದೆ, ತುಮಕೂರಲ್ಲಿ ಬಿ.ಎಚ್. ರೋಡಿಂದ ಸ್ವಲ್ಪ ಒಳಗೆ ಮೂರು ಜನ ಸೇರ್ಕೊಂಡು ರೂಮ್ ಮಾಡಿದ್ವಿ, ಟಿವಿ ಇರ್ಲಿಲ್ಲ, ಹಂಗಾಗಿ ಲಂಡನ್ ಒಲಿಂಪಿಕ್ಸ್ ಎಲ್ಲಾ ಫೋನ್ ಮೆಸೇಜಲ್ಲೇ. ರಾತ್ರಿ ಟೀ ಅಂಗಡೀಲಿ ನಿಂತಿದ್ದಾಗ ರೂಮ್‌ಮೇಟ್ ಫೋನ್ ನೋಡಿ ಕಿರುಚ್ದ, "ಲೇ, ವಿಜಯ್ ಕುಮಾರ್‌ಗೆ ಶೂಟಿಂಗಲ್ಲಿ ಬೆಳ್ಳಿ ಕಣ್ರೋ!"

ಅಂಗಡಿ ಅಣ್ಣನ ಗಲ್ಲಾದ ಮೇಲೆ ಸಿದ್ಧಗಂಗಾ ಸ್ವಾಮೀಜಿ ಫೋಟೋ, ಪಕ್ಕದಲ್ಲೇ ದುನಿಯಾ ವಿಜಯ್ ಫೋಟೋ. ವಿಜಯ್ ನಿಜವಾದ ಹೆಸರು ವಿಜಯ್ ಕುಮಾರ್ ಅಂತ ಅವ್ರಿಗೆ ಗೊತ್ತಿಲ್ದೇ ಇರತ್ತಾ! ಟೀ ಸೋಸೋದು ನಿಲ್ಸಿ, "ಏನ್ ಹಾಕುದ್ರಂತೆ ಬೆಳ್ಳೀದು, ಗದೆನಾ ಕಿರೀಟನಾ? ಯಾವ್ ಪಿಚ್ಚರ್ ಶೂಟಿಂಗು?" ಅಂದ್ರು.

ನಗು ತಡ್ಕೊಳಕ್ಕಾಗ್ಲಿಲ್ಲ. ಆಮೇಲೆ ಹೇಳ್ದೆ, ಅಣ್ಣ ಇವ್ರು ಬೇರೆ, ಹಿಮಾಚಲದೋರು, ಮಿಲಿಟ್ರೀಲಿ ಸುಬೇದಾರ್, 2010ರ ಡೆಲ್ಲಿ ಕಾಮನ್‌ವೆಲ್ತಲ್ಲೇ ಮೂರು ಚಿನ್ನ ಒಂದು ಬೆಳ್ಳಿ ಹೊಡ್ದಿದ್ರು, ಇದು ಪಿಸ್ತೂಲ್ ಶೂಟಿಂಗು, 25 ಮೀಟರ್ ದೂರದಲ್ಲಿ ಸಾಲಾಗಿ ಐದು ಟಾರ್ಗೆಟ್, ನಾಲ್ಕೇ ಸೆಕೆಂಡಲ್ಲಿ ಐದಕ್ಕೂ ಒಂದೊಂದು ಗುಂಡು, ಅಂಥದ್ದು ಎಂಟು ರೌಂಡು, 40ರಲ್ಲಿ 30 ಹೊಡ್ದವ್ರೆ, ಚಿನ್ನ ತಗೊಂಡ ಕ್ಯೂಬಾದೋನು 34.

"ನಾಲ್ಕು ಸೆಕೆಂಡಾ? ಅದೇನ್ ಮಹಾ" ಅಂತ ಅಣ್ಣ ಐದು ಲೋಟ ಸಾಲಾಗಿ ಇಟ್ರು. ನನ್ನ ರೂಮ್‌ಮೇಟ್ ಎಣ್ಸಕ್ಕೆ ಶುರು ಮಾಡ್ದ, ಅಣ್ಣ ಜಗ್ ಎತ್ತಿ ಎಡದಿಂದ ಬಲಕ್ಕೆ ಸರ್ರಂತ ಒಂದೇ ಎಳೆತ, ನಾಲ್ಕು ಅನ್ನೋ ಹೊತ್ತಿಗೆ ಮೂರು ಲೋಟ ತುಂಬಿತ್ತು, ನಾಲ್ಕನೇದ್ರಲ್ಲಿ ಅರ್ಧ, ಐದನೇದರ ಟೀ ಪೂರ್ತಿ ಪಕ್ಕದ ಬನ್ನಿನ ತಟ್ಟೇಲಿ. ಅಷ್ಟೊತ್ತಿಗೆ ಆಟೋದೋರೂ ಸೇರ್ಕೊಂಡಿದ್ರು, ಎರಡ್ನೇ ರೌಂಡ್, ಮೂರ್ನೇ ರೌಂಡ್... ಚೆಲ್ಲಿದ ಟೀ ಕಾಸು ಯಾರೂ ಕೇಳ್ಲಿಲ್ಲ, ಯಾರೂ ಕೊಡ್ಲೂ ಇಲ್ಲ. ಕೊನೆಗೆ ಅಣ್ಣನೇ ಕೈ ಒರೆಸ್ಕೊಂಡು, "ಬುಡಪ್ಪ, ಬೆಳ್ಳಿ ಕೊಟ್ಟಿದ್ದು ಸರಿಯಾಗೈತೆ" ಅಂದ್ರು.

ರೂಮಿಗೆ ಬರ್ತಾ ನಂಗೆ ಅನ್ಸಿದ್ದು, ನಮ್ಮ ವಿಜಯ್‌ಗೆ 2007ರಲ್ಲಿ ಡೈರೆಕ್ಟರ್ ಸೂರಿ ಮಾಡಿದ 'ದುನಿಯಾ' ಸಿನಿಮಾದಿಂದ ಆ ಹೆಸರು ಅಂಟ್ಕೊಳ್ತು, ಅದುಕ್ಕೂ ಮುಂಚೆ ಫೈಟರ್ ಆಗಿ ಏಟು ತಿಂದು ತಿಂದು ಬಂದೋರು, ಅದೇ ಸಿನಿಮಾದಿಂದ ಯೋಗಿ 'ಲೂಸ್ ಮಾದ' ಆದ್ರು, ಅಂದ್ರೆ ಒಂದೇ ಪಿಚ್ಚರ್ ಇಬ್ರಿಗೆ ಹೆಸ್ರಿಟ್ಟಿತು. ಒಲಿಂಪಿಕ್ಸ್ ಮೆಡಲ್ ಮಾತ್ರ ಯಾರ ಹೆಸರಿಗೂ ಮುಂದೆ ಅಂಟ್ಕೊಳ್ಳಲ್ಲ. ಶೂಟರ್ ವಿಜಯ್‌ಗೆ 2012ರಲ್ಲೇ ಖೇಲ್ ರತ್ನ ಬಂತು, 2013ರಲ್ಲಿ ಪದ್ಮಶ್ರೀನೂ ಬಂತು, ಆದ್ರೂ ಕಾಲೇಜಲ್ಲಿ ಅವ್ರ ಹೆಸ್ರು ಹೇಳುದ್ರೆ ಎಲ್ರೂ "ಯಾವ ವಿಜಯ್ ಕುಮಾರು?" ಅಂತಿದ್ರು. ನಮ್ಮ ಕ್ಲಾಸಲ್ಲೇ ಮೂರು ಜನ ಇದ್ರಲ್ಲ, ಅವ್ರದ್ದೂ ತಪ್ಪಿಲ್ಲ.

2024ರಲ್ಲಿ 'ಭೀಮ' ಬಂದಿದ್ದಾಗ ಆ ಕಡೆ ಹೋಗಿದ್ದೆ, ವಿಜಯ್ ತಾವೇ ಡೈರೆಕ್ಟ್ ಮಾಡಿದ್ದು, 'ಸಲಗ' ಆದ್ಮೇಲೆ ಎರಡನೇದು. ಅಣ್ಣಂಗೆ ಕೂದ್ಲು ಪೂರ್ತಿ ಬೆಳ್ಳಗಾಗಿತ್ತು, ಗುರುತು ಹಿಡುದ್ರು.

"ಆ ಇನ್ನೊಬ್ಬ ವಿಜಿ ಏನ್ ಮಾಡ್ತಾವ್ರಪ್ಪ ಈಗ?"

"ಮಿಲಿಟ್ರಿ ಬಿಟ್ಟು ಹಿಮಾಚಲದಲ್ಲಿ ಪೊಲೀಸ್ ಆಫೀಸರ್ ಆದ್ರಂತೆ ಅಣ್ಣ."

ಅಣ್ಣ ಗೋಡೆ ಮೇಲಿದ್ದ ಫೋಟೋ ಕಡೆ ನೋಡುದ್ರು, ನನ್ನ ಕಡೆ ನೋಡುದ್ರು. "ಪೊಲೀಸಾ? ನಮ್ ವಿಜಿ ಪಿಚ್ಚರಲ್ಲಿ ಬರೀ ರೌಡಿ ಆಯ್ತಾನೆ ಕಣಪ್ಪ, ಇವರಿಬ್ರೂ ಎದುರಾಬದುರಾ ಸಿಗ್ಬಾರ್ದು" ಅಂತ ನನ್ನ ಮುಂದೆ ಒಂದೇ ಒಂದು ಲೋಟ ಇಟ್ಟು, ನಿಧಾನಕ್ಕೆ ಟೀ ಬಗ್ಗುಸುದ್ರು.