ಲಿಸ್ಬನ್ನಿನಲ್ಲಿ ಬೆಳಗಿನ ಬೀಕದಿಂದ ರಾತ್ರಿಯ ಸಾರ್ಡೀನ್‌ವರೆಗೆ

ಜೂನ್ ಕೊನೆಯ ವಾರ, ಬೆಳಿಗ್ಗೆ ಎಂಟು ಗಂಟೆ. ಬೀದಿಮೂಲೆಯ ಬೇಕರಿಯ ಕೌಂಟರಿಗೆ ಜನ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು, ನಮ್ಮ ದರ್ಶಿನಿಗಳ ಹಾಗೆ. ಲಿಸ್ಬನ್ನಿನವರು ಕಾಫಿಯನ್ನು ಎರಡು ಮೂರು ಗುಟುಕಿನಲ್ಲಿ ಮುಗಿಸಿ ಹೊರಡುತ್ತಾರೆ. ನಾವು ಇಬ್ಬರು. ಒಬ್ಬರಿಗೆ ಮೀನು ಆಗುತ್ತದೆ, ಇನ್ನೊಬ್ಬರದು ಮೊಟ್ಟೆಯವರೆಗೆ ಮಾತ್ರ.

ಇಲ್ಲಿ ಪುಟ್ಟ ಕಪ್ಪಿನ ಗಟ್ಟಿ ಎಸ್ಪ್ರೆಸೊಗೆ ‘ಬೀಕ’ ಎನ್ನುತ್ತಾರೆ. ಇದು ಲಿಸ್ಬನ್ನಿನ ಮಾತು. ಪೋರ್ಚುಗಲ್ಲಿನ ಬೇರೆ ಕಡೆ ‘ಕಫೆ’ ಎಂದರೆ ಅದೇ ಬರುತ್ತದೆ. ಫಿಲ್ಟರ್ ಕಾಫಿಯ ನಾಲಿಗೆಗೆ ಹತ್ತಿರವಾಗುವುದು ‘ಮೇಯ ದ ಲೇಯ್ತ್’, ಅರ್ಧ ಕಾಫಿ ಅರ್ಧ ಹಾಲು. ‘ಗಲಾಂವ್’ ಎಂದು ಕೇಳಿದರೆ ಎತ್ತರದ ಗಾಜಿನ ಲೋಟದಲ್ಲಿ ಮುಕ್ಕಾಲು ಪಾಲು ಹಾಲೇ ಇರುತ್ತದೆ. ಹಲವು ಅಂಗಡಿಗಳಲ್ಲಿ ಕೌಂಟರು, ಒಳಗಿನ ಮೇಜು, ಹೊರಗಿನ ಜಗಲಿ ಮೂರಕ್ಕೂ ದರ ಬೇರೆ. ಗೋಡೆಯ ಪಟ್ಟಿಯಲ್ಲಿ ಬರೆದಿರುತ್ತದೆ, ಕೂರುವ ಮೊದಲು ನೋಡಿಕೊಳ್ಳಬೇಕು.

ಅಲ್ಲಿಂದ ಊರಿನ ಪಶ್ಚಿಮದ ಬಡಾವಣೆ ಬೆಲೇಂಗೆ. 1834ರಲ್ಲಿ ದೇಶದ ಮಠಗಳನ್ನು ಮುಚ್ಚಿಸಿದ ಮೇಲೆ, ಅಲ್ಲಿನ ಜೆರೋನಿಮುಶ್ ಮಠದ ಒಂದು ಸಿಹಿತಿಂಡಿಯ, ಪದರದ ಬಟ್ಟಲಿಗೆ ಮೊಟ್ಟೆಯ ಕೆನೆ ತುಂಬಿ ಬೇಯಿಸುವ ತಿನಿಸಿನ, ವಿಧಾನ ಪಕ್ಕದ ಸಕ್ಕರೆ ಕಾರ್ಖಾನೆಯವರ ಕೈಸೇರಿತು. 1837ರಿಂದ ಅಲ್ಲೇ ‘ಪಾಸ್ತೇಯ್ಶ್ ದ ಬೆಲೇಂ’ ಹೆಸರಿನಲ್ಲಿ ಮಾರುತ್ತಿದ್ದಾರೆ. ಉಳಿದೆಡೆ ಸಿಗುವುದರ ಹೆಸರು ‘ಪಾಸ್ತೇಲ್ ದ ನಾತ’. ಮಠಗಳಲ್ಲಿ ಮೊಟ್ಟೆಯ ಬಿಳಿ ಬಟ್ಟೆಗೆ ಗಂಜಿ ಹಾಕಲು ಹೋಗುತ್ತಿತ್ತು, ಉಳಿದ ಹಳದಿಯೆಲ್ಲ ಸಿಹಿಗೆ ಬಂತು ಎನ್ನುತ್ತಾರೆ. ಈ ದೇಶದ ಹಳೆಯ ಸಿಹಿಗಳು ಇಷ್ಟು ಹಳದಿಯಾಗಿರುವುದಕ್ಕೆ ಕೊಡುವ ಕಾರಣ ಇದೇ.

ನಾತ ಚೆನ್ನಾಗಿದೆಯೇ ಎಂದು ತಿಳಿಯಲು ಅದನ್ನು ಮಗುಚಿ ತಳ ನೋಡಿ. ಪದರ ಪದರದ ಬೆಣ್ಣೆ ಹಿಟ್ಟನ್ನು ಚಾಪೆಯಂತೆ ಬಿಗಿಯಾಗಿ ಸುತ್ತಿ, ತುಂಡು ಮಾಡಿ, ಕತ್ತರಿಸಿದ ಮುಖವನ್ನು ಅಚ್ಚಿನ ತಳಕ್ಕೆ ಇಡುತ್ತಾರೆ. ಒದ್ದೆ ಹೆಬ್ಬೆರಳಿನಿಂದ ನಡುವಿನಿಂದ ಒತ್ತುತ್ತಾ ಅಂಚಿನವರೆಗೆ ಏರಿಸುತ್ತಾರೆ. ಹಾಗೆ ಮಾಡಿದ್ದರೆ ಬೆಂದ ಮೇಲೆ ತಳದಲ್ಲಿ ಸುರುಳಿ ಕಾಣುತ್ತದೆ, ಕಚ್ಚಿದರೆ ಚರ್ರನೆ ಮುರಿಯುತ್ತದೆ. ಹಿಟ್ಟನ್ನು ಲಟ್ಟಿಸಿ ಬಿಲ್ಲೆಯಾಗಿ ಕತ್ತರಿಸಿದ್ದರೆ ಪದರ ಮಲಗಿರುತ್ತವೆ, ತಳ ಮೆತ್ತಗಾಗುತ್ತದೆ. ಮೇಲಿನ ಕಪ್ಪು ಚುಕ್ಕೆ ಸೀದದ್ದಲ್ಲ. ಸುಮಾರು 300 ಡಿಗ್ರಿಯ ಒಲೆಯಲ್ಲಿ ಕೆನೆ ಗಟ್ಟಿಯಾಗುವ ಮುಂಚೆ ಸಕ್ಕರೆ ಕಂದುವುದರಿಂದ ಬರುವ ಗುರುತು ಅದು. ಮನೆಯ ಒವನ್ 220 ಡಿಗ್ರಿಗೆ ನಿಂತರೆ ಚುಕ್ಕೆ ಬರುವಷ್ಟರಲ್ಲಿ ಒಳಗಿನ ಮೊಟ್ಟೆ ಒಡೆದು ಕಾಳುಕಾಳಾಗುತ್ತದೆ. ಬಿಸಿಯಿರುವಾಗಲೇ ದಾಲ್ಚಿನ್ನಿ ಪುಡಿ ಉದುರಿಸಿ ತಿನ್ನಬೇಕು. ಕಟ್ಟಿಸಿಕೊಂಡು ಹೋಗಿ ಫ್ರಿಜ್ಜಿನಲ್ಲಿಟ್ಟರೆ ಮರುದಿನ ಪದರವೆಲ್ಲ ರಬ್ಬರು.

ಮಧ್ಯಾಹ್ನದ ಊಟಕ್ಕೆ ಹನ್ನೆರಡೂವರೆಯಿಂದ ಎರಡೂವರೆಯೊಳಗೆ ಕೂರಬೇಕು. ಮೂರಾದರೆ ಸಣ್ಣ ಊಟದಂಗಡಿಗಳ ಅಡುಗೆಮನೆ ಮುಚ್ಚುತ್ತದೆ. ಇಂಥ ಅಂಗಡಿಗೆ ‘ತಾಸ್ಕ’ ಎಂದು ಹೆಸರು. ಕೂತ ತಕ್ಷಣ ಕೇಳದೆಯೇ ಬ್ರೆಡ್ಡು, ಆಲಿವ್, ಬೆಣ್ಣೆ, ಚೀಸ್ ಮೇಜಿಗೆ ಬರುತ್ತವೆ. ಇದು ‘ಕುವೇರ್’, ಪುಕ್ಕಟೆಯಲ್ಲ. ಕೇಳದ, ಮುಟ್ಟದ ತಿನಿಸಿಗೆ ಹಣ ಪಡೆಯುವಂತಿಲ್ಲ ಎಂದು ಅಲ್ಲಿನ ಕಾನೂನೇ ಹೇಳುತ್ತದೆ. ಬೇಡವಾದದ್ದನ್ನು ನಗುತ್ತಾ ವಾಪಸು ಕಳಿಸಿದರೆ ಯಾರೂ ಬೇಸರಪಡುವುದಿಲ್ಲ. ಆದರೆ ಆ ಚೀಸ್ ಅಜೈತಾಂವ್ ಅಥವಾ ಸೆರ್ರ ದ ಎಶ್ತ್ರೇಲದ್ದಾಗಿದ್ದರೆ ಕಳಿಸಬೇಡಿ. ಇವೆರಡೂ ಕುರಿಹಾಲಿನವು. ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನ್ನೆಟ್ ಹಾಕುವುದಿಲ್ಲ, ಕಾರ್ದು ಎಂಬ ಮುಳ್ಳುಗಿಡದ ಒಣ ಹೂವನ್ನು ನೆನೆಸಿದ ನೀರು ಹಾಕುತ್ತಾರೆ. ಯುರೋಪಿನಲ್ಲಿ ಸಸ್ಯಾಹಾರಿಗಳು ಅನುಮಾನವಿಲ್ಲದೆ ತಿನ್ನಬಹುದಾದ ಚೀಸ್ ಹುಡುಕುವ ಕಷ್ಟ ಗೊತ್ತಿದ್ದವರಿಗೆ ಇದರ ಬೆಲೆ ತಿಳಿಯುತ್ತದೆ. ಜೊತೆಗೆ ಬೇಕಾದ ಬ್ರೆಡ್ಡಿಗೆ ಅಲ್ಲಿ ‘ಪಾಂವ್’ ಎನ್ನುತ್ತಾರೆ. ನಮ್ಮ ಪಾವ್ ಬಂದದ್ದು ಅಲ್ಲಿಂದಲೇ.

‘ದೋಜ್’ ಎಂದರೆ ಪೂರ್ತಿ ಪ್ರಮಾಣ. ಎಷ್ಟೋ ಕಡೆ ಅದು ಇಬ್ಬರಿಗೆ ಸಾಕು. ‘ಮೇಯ ದೋಜ್’, ಅಂದರೆ ಅರ್ಧ, ಒಬ್ಬರ ಹೊಟ್ಟೆಗೆ ಧಾರಾಳ. ಹಲಗೆಯ ಮೇಲೆ ಕೈಯಲ್ಲಿ ಬರೆದ ‘ಪ್ರಾತು ದು ದಿಯ’, ಆ ದಿನದ ಅಡುಗೆ, ಅಗ್ಗವೂ ಹೌದು, ತಾಜಾವೂ ಹೌದು.

ಸಸ್ಯಾಹಾರಿಗಳು ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಲಾಡಿನ ಮೇಲೆ ಟ್ಯೂನಾ ಬರುತ್ತದೆ. ‘ನಾಂವ್ ಕೋಮು ಕಾರ್ನ್ ನೇಂ ಪೇಯ್ಶ್’, ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ, ಎಂದು ಪೂರ್ತಿ ಹೇಳಬೇಕು. ಕಾಲ್ದು ವೇರ್ದ್ ಎಂಬ ಪ್ರಸಿದ್ಧ ಸೂಪು ಆಲೂಗಡ್ಡೆ ಅರೆದ ಸಾರಿಗೆ ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿದ ಎಲೆಕೋಸಿನ ಜಾತಿಯ ಹಸಿರೆಲೆ ಹಾಕಿ ಮಾಡಿದ್ದು. ಅದರ ಮೇಲೆ ತೇಲುವ ಬಿಲ್ಲೆ ಶೋರೀಸು ಎಂಬ ಹಂದಿಮಾಂಸದ ಸಾಸೇಜು. ಬಿಲ್ಲೆ ತೆಗೆಸಿದರೆ ಸಾಲದು, ಪಾತ್ರೆಯಲ್ಲೇ ಅದನ್ನು ಬೇಯಿಸಿದ್ದಾರೆಯೇ ಎಂದು ಕೇಳಬೇಕು.

ನಿಜವಾಗಿ ಹುಡುಕಿ ತಿನ್ನಬೇಕಾದದ್ದು ಅಲೆಂತೇಜು ಸೀಮೆಯ ಅಸೋರ್ದ ಎಂಬ ಬ್ರೆಡ್ಡಿನ ಸಾರು. ಯುರೋಪಿನ ಬಹುಪಾಲು ಅಡುಗೆಮನೆಗಳಲ್ಲಿ ಕಾಣದ ಕೊತ್ತಂಬರಿ ಸೊಪ್ಪನ್ನು ಪೋರ್ಚುಗೀಸರು ಕೈತುಂಬ ಹಾಕುತ್ತಾರೆ, ಈ ಅಡುಗೆಯ ಜೀವವೇ ಅದು. ಒಬ್ಬರಿಗೆ ಎರಡು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಕೊತ್ತಂಬರಿ, ಒಂದು ಚಮಚ ಕಲ್ಲುಪ್ಪು ಕುಟ್ಟಣಿಗೆಯಲ್ಲಿ ಜಜ್ಜಿ, ಬಟ್ಟಲಿಗೆ ಹಾಕಿ ಮೂರು ದೊಡ್ಡ ಚಮಚ ಆಲಿವ್ ಎಣ್ಣೆ ಸುರಿಯುತ್ತಾರೆ. ಅರ್ಧ ಲೀಟರ್ ನೀರಿನಲ್ಲಿ ಮೊಟ್ಟೆ ಒಡೆದು ಬೇಯಿಸಿ ತೆಗೆದು, ಆ ಕುದಿನೀರನ್ನೇ ಬಟ್ಟಲಿಗೆ ಹೊಯ್ಯುತ್ತಾರೆ. ಮೇಲೆ ಹಿಂದಿನ ದಿನದ ಬ್ರೆಡ್ಡಿನ ಚೂರು, ಅದರ ಮೇಲೆ ಮೊಟ್ಟೆ. ನೀರು ಕುದಿಯುತ್ತಿರದಿದ್ದರೆ ಸೊಪ್ಪಿನ ಘಮ ಬಿಡುವುದಿಲ್ಲ. ಹೊಸ ಬ್ರೆಡ್ಡಾದರೆ ಕ್ಷಣದಲ್ಲಿ ಅಂಬಲಿ. ಬಂದ ಕೂಡಲೇ ತಿನ್ನಬೇಕು, ಫೋಟೋಗೆ ಕಾಯುವ ಊಟವಲ್ಲ. ಒಂದು ಎಚ್ಚರಿಕೆ: ಲಿಸ್ಬನ್ನಿನಲ್ಲಿ ಬರೀ ‘ಅಸೋರ್ದ’ ಎಂದರೆ ಸಿಗಡಿ ಬೆರೆಸಿದ ಬ್ರೆಡ್ಡಿನ ಮುದ್ದೆ ಬರಬಹುದು. ‘ಅಸೋರ್ದ ಅಲೆಂತೆಜಾನ’ ಎಂದೇ ಕೇಳಿ. ಅದನ್ನೂ ಕೆಲವರು ಮೀನು ಬೇಯಿಸಿದ ನೀರಿನಲ್ಲಿ ಮಾಡುವುದುಂಟು, ವಿಚಾರಿಸಿಕೊಳ್ಳಿ.

ಮೀನು ತಿನ್ನುವವರ ತಟ್ಟೆಯಲ್ಲಿ ಬಕಲ್ಯಾವ್ ಆ ಬ್ರಾಶ್. ಬಕಲ್ಯಾವ್ ಎಂದರೆ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಪೋರ್ಚುಗಲ್ಲಿನ ಸಮುದ್ರದಲ್ಲಿ ಸಿಗದ ಮೀನೇ ಆ ದೇಶದ ಮನೆಮೀನು. ಶತಮಾನಗಳ ಕಾಲ ನ್ಯೂಫೌಂಡ್‌ಲೆಂಡಿನವರೆಗೆ ಹೋಗಿ ಹಿಡಿದು ತರುತ್ತಿದ್ದರು. ಚರ್ಮದ ಬದಿ ಮೇಲಾಗುವಂತೆ ತಣ್ಣೀರಿನಲ್ಲಿಟ್ಟು, ನೀರು ಬದಲಿಸುತ್ತಾ, ತುಂಡಿನ ದಪ್ಪ ನೋಡಿಕೊಂಡು 24ರಿಂದ 48 ಗಂಟೆ ನೆನೆಸುತ್ತಾರೆ. ಚರ್ಮ ಕೆಳಗಾದರೆ ಇಳಿಯಬೇಕಾದ ಉಪ್ಪು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬ್ರಾಶ್‌ನಲ್ಲಿ ಮೀನಿನ ಎಳೆ, ಈರುಳ್ಳಿ, ಕಡ್ಡಿಯಷ್ಟು ಸಣ್ಣಗೆ ಹೆಚ್ಚಿ ಕರಿದ ಆಲೂಗಡ್ಡೆಯನ್ನು ಮೊಟ್ಟೆಯಲ್ಲಿ ಕಲಸುತ್ತಾರೆ. ಮೊಟ್ಟೆ ಇನ್ನೂ ಕೆನೆಯಂತಿರುವಾಗಲೇ ಬಾಣಲೆ ಇಳಿಸಿದರೆ ಗೆದ್ದಂತೆ. ಒಣಗಿ ಉದುರುದುರಾಗಿ ಬಂದರೆ ಮೊದಲೇ ಮಾಡಿಟ್ಟು ಬಿಸಿ ಮಾಡಿದ್ದೆಂದು ತಿಳಿಯಿರಿ. ಖಾರ ಬೇಕಿದ್ದರೆ ‘ಪಿರಿಪಿರಿ’ ಕೇಳಿ. ಮೆಣಸಿನಕಾಯಿಯನ್ನು ನಮ್ಮ ನೆಲಕ್ಕೆ ತಂದವರ ಸ್ವಂತ ಅಡುಗೆ ಇಷ್ಟು ಸಪ್ಪೆಯೇ ಎಂದು ಮೊದಲ ದಿನ ಎಲ್ಲರಿಗೂ ಆಶ್ಚರ್ಯವಾಗುತ್ತದೆ.

ಸಿಹಿಗೆ ಅರೋಶ್ ದೋಸ್, ನಿಂಬೆಸಿಪ್ಪೆ ಹಾಕಿ ಕುದಿಸಿದ ಅಕ್ಕಿಪಾಯಸ. ಮೇಲೆ ಬೆರಳಿನಿಂದ ದಾಲ್ಚಿನ್ನಿಯ ರಂಗೋಲಿ ಎಳೆದಿರುತ್ತಾರೆ. ಪುಡಿಂ ಅಬಾದ್ ದ ಪ್ರಿಶ್ಕುಶ್ ಎಂಬ ಹೊಳೆಯುವ ಪುಡ್ಡಿಂಗಿನಲ್ಲಿ ಹಂದಿಕೊಬ್ಬು ಇದೆ, ಸಸ್ಯಾಹಾರಿಗಳು ಮೋಸಹೋಗಬಾರದು. ಸಂಜೆ ಕೌಂಟರಿನಲ್ಲಿ ಕಾಣುವ ‘ಶಮೂಸ’ ಕೂಡ ಹಾಗೆಯೇ. ಗೋವೆಯಿಂದ ಹೋದ ನಮ್ಮ ಸಮೋಸವೇ ಅದು, ಆದರೆ ಒಳಗೆ ಸಾಮಾನ್ಯವಾಗಿ ಕೀಮಾ.

ಬಿಸಿಲಿಳಿದ ಮೇಲೆ ಸಾಂವ್ ದುಮಿಂಗುಶ್ ಚೌಕದಲ್ಲಿ ಜಿಂಜೀನ್ಯ, ಹುಳಿ ಚೆರ್ರಿ ನೆನೆಸಿಟ್ಟ ಸಿಹಿಮದ್ಯ. ‘ಕೊಂ ಏಲಶ್’ ಎಂದರೆ ಹಣ್ಣಿನ ಸಮೇತ, ‘ಸೇಂ ಏಲಶ್’ ಎಂದರೆ ಹಣ್ಣಿಲ್ಲದೆ. ಹಣ್ಣು ಮದ್ಯವನ್ನೇ ಹೀರಿಕೊಂಡಿರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಒಂದು ಸಾಕು.

ರಾತ್ರಿ ಹಳೆಯ ಬಡಾವಣೆ ಅಲ್ಫಾಮದ ಮೆಟ್ಟಿಲುಗಳ ಪಕ್ಕ ಇದ್ದಿಲ ಹೊಗೆ. ನೋಡಲು ನಮ್ಮ ಬೂತಾಯಿಯಂತೆಯೇ ಇರುವ, ಜಾತಿ ಬೇರೆಯಾದ ಸಾರ್ಡೀನನ್ನು ಹೊಟ್ಟೆ ಸೀಳದೆ, ಕಲ್ಲುಪ್ಪು ಮಾತ್ರ ಹಾಕಿ ಇಡಿಯಾಗಿ ಸುಡುತ್ತಾರೆ. ಜೂನ್ 12ರ ಸಂತ ಆಂತೋನಿಯ ರಾತ್ರಿ ಊರೆಲ್ಲ ಇದನ್ನೇ ತಿನ್ನುತ್ತದೆ, ಆದರೆ ಆಗ ಮೀನಿಗೆ ಇನ್ನೂ ಕೊಬ್ಬು ತುಂಬಿರುವುದಿಲ್ಲ. ‘ಸಂತ ಜಾನನ ಹಬ್ಬಕ್ಕೆ ಸಾರ್ಡೀನು ರೊಟ್ಟಿಯ ಮೇಲೆ ತೊಟ್ಟಿಕ್ಕುತ್ತದೆ’ ಎಂಬುದು ಅಲ್ಲಿನ ಗಾದೆ. ಆ ಹಬ್ಬ ಜೂನ್ 24. ಕೊನೆಯ ವಾರವನ್ನು ಆರಿಸಿಕೊಂಡದ್ದು ಅದಕ್ಕೇ. ಜೊತೆಗೆ ತಣ್ಣಗಿನ ವೀನ್ಯು ವೇರ್ದ್. ‘ವೇರ್ದ್’ ಎಂದರೆ ಹಸಿರು, ಆದರೆ ಇಲ್ಲಿ ಅದು ಬಣ್ಣವಲ್ಲ, ಎಳೆಯ ವೈನ್ ಎಂದು ಅರ್ಥ. ವಾಯುವ್ಯದ ಮೀನ್ಯು ಸೀಮೆಯದು. ಅದರ ಹುಳಿ ಮೀನಿನ ಜಿಡ್ಡನ್ನು ಕಡಿಯುತ್ತದೆ. ಅದು ಬೇಡವಾದರೆ ‘ಇಂಪೆರಿಯಾಲ್’ ಎಂದು ಕೇಳಿ, 20 ಸೆಂಟಿಲೀಟರ್ ಡ್ರಾಫ್ಟ್ ಬಿಯರ್ ಬರುತ್ತದೆ.

ತಿನ್ನುವುದು ಕೈಯಲ್ಲೇ. ದಪ್ಪ ಬ್ರೆಡ್ಡಿನ ತುಂಡಿನ ಮೇಲೆ ಮೀನಿಟ್ಟು, ಸುಟ್ಟ ಚರ್ಮ ಸರಿಸಿ, ಬೆನ್ನಿನಿಂದ ಮಾಂಸ ಬಿಡಿಸಬೇಕು. ಹೊಟ್ಟೆಯ ಭಾಗವನ್ನು ಮುಟ್ಟದೆ ಬಿಟ್ಟರೆ ಮುಳ್ಳೂ ಕರುಳೂ ಒಟ್ಟಿಗೆ ಹೊರಬರುತ್ತವೆ. ಒಂದು ಮುಗಿದರೆ ಇನ್ನೊಂದನ್ನು ಅದೇ ಬ್ರೆಡ್ಡಿನ ಮೇಲೆ. ಐದಾರು ಮೀನಿನ ಎಣ್ಣೆ, ಉಪ್ಪು, ಹೊಗೆ ಕುಡಿದು ಭಾರವಾದ ಆ ಬ್ರೆಡ್ಡನ್ನು ಎಲ್ಲಕ್ಕಿಂತ ಕೊನೆಗೆ ತಿನ್ನುತ್ತಾರೆ.