ನಾನೊಬ್ಬನೇ ಬರೆಯುವ ಕೋಡಿಗೂ ಗಿಟ್ ಬೇಕೇ?

"ನಾನೊಬ್ಬನೇ ಮಾಡುವ ಸಣ್ಣ ಪ್ರಾಜೆಕ್ಟ್, ಅದಕ್ಕೂ ಗಿಟ್ ಬೇಕೇ? ದಿನಾಂಕ ಹಾಕಿ ಫೋಲ್ಡರ್ ನಕಲು ಮಾಡಿಟ್ಟರೆ ಸಾಲದೇ?" ಕೋಡ್ ಬರೆಯಲು ತೊಡಗಿದ ಪರಿಚಿತರೆಲ್ಲ, ಕೋಡಿನ ಬದಲಾವಣೆಗಳ ಇತಿಹಾಸ ಕಾಪಿಡುವ ಗಿಟ್ ಎಂಬ ಸಾಧನದ ಮಾತು ಬಂದಾಗ ಇದನ್ನು ಕೇಳುತ್ತಾರೆ. ಸಾಲದು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ಆ "ನಾನೊಬ್ಬನೇ" ಎಂಬ ನೆಪವೇ ನನಗೆ ಸಿಟ್ಟು ತರಿಸುವುದು. ತಂಡದಲ್ಲಾದರೆ ಒಂದು ಸಾಲು ಏಕೆ ಹೀಗಿದೆ ಎಂದು ಕೇಳಲು ಪಕ್ಕದಲ್ಲಿ ಯಾರಾದರೂ ಇರುತ್ತಾರೆ. ಒಬ್ಬರೇ ಬರೆಯುವವರು ಆರು ತಿಂಗಳಾದ ಮೇಲೆ ಯಾರನ್ನು ಕೇಳಬೇಕು?

ಒಮ್ಮೆ ಗೆಳೆಯನೊಬ್ಬ ಲ್ಯಾಪ್‌ಟಾಪ್ ಹಿಡಿದು ಬಂದ. ಅವನ ಲೆಕ್ಕದ ಪ್ರೋಗ್ರಾಂ ತಿಂಗಳ ಕೊನೆಯ ದಿನ ಮಾತ್ರ ತಪ್ಪು ಮೊತ್ತ ತೋರಿಸುತ್ತಿತ್ತು. ಮೊದಲು ಸರಿಯಿತ್ತಂತೆ. ಡಿಸ್ಕಿನ ತುಂಬ ದಿನಾಂಕ ಹೊತ್ತ ಫೋಲ್ಡರುಗಳು. ಒಂದರಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ ಹತ್ತಾರು ಕಡತಗಳು ಬದಲಾಗಿದ್ದವು, ಸಂಬಂಧವೇ ಇಲ್ಲದ ಕೆಲಸಗಳು ಬೆರೆತುಹೋಗಿದ್ದವು. ಸಂಜೆಯೆಲ್ಲ ಕೂತು ಹೋಲಿಸಿದ ಮೇಲೆ ತಂಟೆಯ ಸಾಲು ಸಿಕ್ಕಿತು. "ಇದನ್ನು ಏಕೆ ಹಾಕಿದೆ?" ಎಂದೆ. ಅವನಿಗೆ ನೆನಪಿರಲಿಲ್ಲ. ತೆಗೆದರೆ ಮತ್ತೇನು ಕೆಡುತ್ತದೋ ಎಂಬ ಭಯದಲ್ಲಿ ಅದನ್ನು ಅಲ್ಲೇ ಬಿಟ್ಟು, ಮೇಲೊಂದು ಷರತ್ತು ಸೇರಿಸಿಕೊಂಡು ಹೋದ. ತನ್ನದೇ ಕೋಡಿಗೆ ಹೆದರುವ ಸ್ಥಿತಿ!

ಗಿಟ್ ಇದ್ದಿದ್ದರೆ ಬೈಸೆಕ್ಟ್ ಎಂಬ ಕಮಾಂಡ್ ಸಾಕಿತ್ತು. ಗಿಟ್ಟಿನಲ್ಲಿ ದಾಖಲಿಸಿಟ್ಟ ಪ್ರತಿ ಹಂತವೂ ಒಂದು ಕಮಿಟ್. ಸರಿಯಿದ್ದ ಒಂದು ಕಮಿಟ್, ಕೆಟ್ಟಿರುವ ಒಂದು ಕಮಿಟ್ ತೋರಿಸಿದರೆ ಅದು ನಡುವಿನದನ್ನು ತೆಗೆದುಕೊಡುತ್ತದೆ. ಓಡಿಸಿ ನೋಡಿ ಸರಿಯೋ ತಪ್ಪೋ ಹೇಳಿದರೆ ಹುಡುಕಬೇಕಾದದ್ದು ಅರ್ಧಕ್ಕಿಳಿಯುತ್ತದೆ. ಸಾವಿರ ಕಮಿಟ್‌ಗಳಿದ್ದರೂ ಸುಮಾರು ಹತ್ತು ಸಲ ನೋಡಿದರೆ ಮುಗಿಯಿತು.

"ಅದು ದೊಡ್ಡ ತಂಡಗಳದ್ದಲ್ಲವೇ?" ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಅದನ್ನು ಬರೆದದ್ದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ಗಾಗಿ, ನಿಜ. ಆದರೆ ಅದಕ್ಕೆ ಸರ್ವರ್ ಬೇಡ, ಖಾತೆ ಬೇಡ, ಇಂಟರ್‌ನೆಟ್ ಸಹ ಬೇಡ. ಗಿಟ್‌ಹಬ್ 2008ರಲ್ಲಿ ಶುರುವಾದ, ಗಿಟ್ ಪ್ರಾಜೆಕ್ಟುಗಳನ್ನು ಅಂತರ್ಜಾಲದಲ್ಲಿ ಇಡುವ ಬೇರೆಯೇ ಸೇವೆ. ಗಿಟ್ ಇನಿಟ್ ಎಂಬ ಕಮಾಂಡ್ ಕೊಟ್ಟರೆ ನಿಮ್ಮ ಫೋಲ್ಡರಿನೊಳಗೆ ಕಣ್ಣಿಗೆ ಬೀಳದ ಇನ್ನೊಂದು ಫೋಲ್ಡರ್ ಹುಟ್ಟುತ್ತದೆ, ಇತಿಹಾಸವೆಲ್ಲ ಅದರಲ್ಲೇ. ಡಿಸ್ಕ್ ಕೆಟ್ಟರೆ ಅದೂ ಹೋಗುತ್ತದೆ, ಆದ್ದರಿಂದ ಬೇರೆಡೆ ಒಂದು ಪ್ರತಿ ಇರಲಿ.

ಪ್ರತಿ ಕಮಿಟ್ ಜೊತೆ ಬರೆಯುವ ಸಂದೇಶದಲ್ಲಿ ಏನು ಬರೆಯಲಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ದಯವಿಟ್ಟು ಅದನ್ನು ಕೇಳಿ! ಏನು ಬದಲಾಯಿತು ಎಂಬುದನ್ನು ಡಿಫ್, ಅಂದರೆ ಹಳೆಯ ಹೊಸ ಸಾಲುಗಳ ಹೋಲಿಕೆ, ತಾನೇ ತೋರಿಸುತ್ತದೆ. ಏಕೆ ಎಂಬುದು ನಿಮಗಷ್ಟೇ ಗೊತ್ತು. "ಸಣ್ಣ ಬದಲಾವಣೆ" ಎಂದು ಬರೆದರೆ ಯಾರಿಗೇನು ಲಾಭ? "ಫೆಬ್ರವರಿಯಲ್ಲೂ 30ನೇ ತಾರೀಖು ಹುಡುಕುತ್ತಿತ್ತು, ಆಯಾ ತಿಂಗಳ ಕೊನೆಯ ದಿನವನ್ನು ಬಳಸುವಂತೆ ಮಾಡಿದೆ" ಎಂದು ಬರೆಯಿರಿ. ಒಂದು ಕಮಿಟ್‌ಗೆ ಒಂದೇ ಕೆಲಸ. ಎರಡು ಬೆರೆತಿದ್ದರೆ ಗಿಟ್ ಆಡ್ ಜೊತೆ ಪ್ಯಾಚ್ ಆಯ್ಕೆ ಕೊಟ್ಟು ತುಣುಕುಗಳನ್ನು ಬೇರ್ಪಡಿಸಬಹುದು. ಯೋಚಿಸಿ ಕೈಬಿಟ್ಟ ದಾರಿಗಳು ಯಾವ ಡಿಫ್‌ನಲ್ಲೂ ಕಾಣುವುದಿಲ್ಲ. ಅವಕ್ಕೆ ಅದೇ ಫೋಲ್ಡರಿನಲ್ಲಿ ಒಂದು ದಿನಚರಿ ಕಡತವಿಡಿ, ಅದನ್ನೂ ಕಮಿಟ್ ಮಾಡಿ.

ಮೊದಲ ಕಮಿಟ್‌ಗೂ ಮುಂಚೆ ಪಾಸ್‌ವರ್ಡ್ ಇರುವ ಕಡತದ ಹೆಸರನ್ನು, ಗಿಟ್ ಕಡೆಗಣಿಸಬೇಕಾದವುಗಳ ಪಟ್ಟಿಯಾದ ಗಿಟ್‌ಇಗ್ನೋರ್ ಕಡತಕ್ಕೆ ಸೇರಿಸಿ. ಒಮ್ಮೆ ಒಳಹೊಕ್ಕರೆ, ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಅದು ಇತಿಹಾಸದಲ್ಲಿ ಇದ್ದೇ ಇರುತ್ತದೆ. ಹಾಗೆ ಸೇರಿದ ಕೋಡನ್ನು ಹೊರಗೆ ಹಂಚಿಯೂ ಆಗಿದ್ದರೆ, ಮೊದಲು ಆ ಪಾಸ್‌ವರ್ಡನ್ನೇ ಬದಲಿಸಿ.